ಕೊನೆಯ ಹನ್ನೊಂದು ನಿಮಿಷ, 275 ಅಲಾರಂ

1994ರ ಜುಲೈ 24, ಭಾನುವಾರ ಬೆಳಿಗ್ಗೆ. ವೇಲ್ಸ್‌ನ ಮಿಲ್‌ಫರ್ಡ್ ಹೇವನ್ ತೈಲ ಸಂಸ್ಕರಣಾಗಾರಕ್ಕೆ ಸಿಡಿಲು ಬಡಿದು ಘಟಕಗಳೆಲ್ಲ ಏರುಪೇರಾದವು. ಒಂದು ವಾಲ್ವ್ ಮುಚ್ಚಿಕೊಂಡಿತ್ತು. ಕಂಪ್ಯೂಟರ್ ಪರದೆ ಮಾತ್ರ ಅದು ತೆರೆದೇ ಇದೆ ಎನ್ನುತ್ತಿತ್ತು. ಹೊರಹೋಗಲು ದಾರಿಯಿಲ್ಲದ ದ್ರವ ತುಂಬುತ್ತ ಹೋಗಿ, ಮಧ್ಯಾಹ್ನ ಸ್ಫೋಟವಾಯಿತು. 26 ಮಂದಿಗೆ ಗಾಯ. ಅದಕ್ಕೆ ಮುಂಚಿನ ಹನ್ನೊಂದು ನಿಮಿಷಗಳಲ್ಲಿ ಇಬ್ಬರು ಆಪರೇಟರುಗಳ ಮುಂದೆ ಬಂದ ಅಲಾರಂಗಳು 275. ಹೆಚ್ಚುಕಡಿಮೆ ಎರಡೂವರೆ ಸೆಕೆಂಡಿಗೊಂದು.

ಮಾಮೂಲಿ ಸ್ಥಿತಿಯಲ್ಲಿ ಒಬ್ಬ ಆಪರೇಟರಿಗೆ ಹತ್ತು ನಿಮಿಷಕ್ಕೊಂದು ಅಲಾರಂ ಸಾಕು ಎನ್ನುತ್ತದೆ ಬ್ರಿಟನ್ನಿನ ಉದ್ಯಮ ಸಂಘಟನೆ ಇಇಎಂಯುಎ ರೂಪಿಸಿದ ಮಾರ್ಗಸೂಚಿ. ಗಂಟೆ ಬಾರಿಸಿದಾಗ ಅವನು ಓದಬೇಕು, ಕಾರಣ ಊಹಿಸಬೇಕು, ಏನೋ ಒಂದು ಮಾಡಬೇಕು, ಮಾಡಿದ್ದು ಫಲಿಸಿತೇ ಎಂದು ಕಾಯಬೇಕು. ಈ ವೇಗ ಮನುಷ್ಯನ ಗಮನಶಕ್ತಿಯದು. ಹೊಸ ಸಾಫ್ಟ್‌ವೇರ್ ಹಾಕಿದರೆ ಅದು ಹೆಚ್ಚುವುದಿಲ್ಲ.

ಅಲಾರಂಗಳ ಸಂಖ್ಯೆ ಮಾತ್ರ ಹೆಚ್ಚುತ್ತದೆ. ಕಾರಣ ಸರಳ. ಹಿಂದೆ ಒಂದು ಅಲಾರಂ ಸೇರಿಸಬೇಕಾದರೆ ಪ್ಯಾನೆಲ್ಲಿಗೆ ತೂತು ಕೊರೆದು, ವೈರ್ ಎಳೆದು, ದೀಪ ಕೂರಿಸಬೇಕಿತ್ತು. ಅಷ್ಟು ಖರ್ಚಿಗೆ ಮುಂಚೆ ಯಾರಾದರೂ 'ಇದು ಬೇಕಾ?' ಎಂದು ಕೇಳುತ್ತಿದ್ದರು. ಈಗ ಮೌಸ್ ಒತ್ತಿದರಾಯಿತು, ಆ ಪ್ರಶ್ನೆಯೇ ಏಳುವುದಿಲ್ಲ.

ಎರಡನೆಯ ತೊಂದರೆ ಸದ್ದಿಲ್ಲದ್ದು, ನನಗೆ ಹೆಚ್ಚು ಭಯ ಅದರದ್ದೇ. ಇಂಗ್ಲೆಂಡಿನ ಬನ್ಸ್‌ಫೀಲ್ಡ್ ಇಂಧನ ಡಿಪೋದಲ್ಲಿ 2005ರ ಡಿಸೆಂಬರ್ 11ರ ನಸುಕಿನಲ್ಲಿ ಒಂದು ಟ್ಯಾಂಕಿನ ಮಟ್ಟ ತೋರಿಸುವ ಮಾಪಕ ಸಿಕ್ಕಿಕೊಂಡಿತು. ಪೆಟ್ರೋಲ್ ಏರುತ್ತಿತ್ತು, ಪರದೆಯ ಗೆರೆ ಅಲ್ಲೇ ನಿಂತಿತ್ತು. ಅಲಾರಂ ಅದೇ ಮಾಪಕವನ್ನು ನಂಬಿದ್ದರಿಂದ ಬಾರಿಸಲಿಲ್ಲ. ಅದಕ್ಕೆ ಹೊರತಾಗಿದ್ದ ತುರ್ತು ಸ್ವಿಚ್ಚೂ ಕೆಲಸ ಮಾಡಲಿಲ್ಲ. ಆರು ಗಂಟೆಗೆ ಸ್ಫೋಟ. ತನಿಖೆಯಲ್ಲಿ ತಿಳಿದದ್ದು: ಆಗಸ್ಟ್ ಕೊನೆಯಿಂದ ಅಂದಿನವರೆಗೆ ಆ ಮಾಪಕ 14 ಸಲ ಹೀಗೆ ಸಿಕ್ಕಿಕೊಂಡಿತ್ತು. ಕೆಲವು ಸಲ ಪಾಳಿಯವರೇ ಅದನ್ನು ಮೇಲೆತ್ತಿ ಬಿಟ್ಟು ಸರಿಮಾಡಿಕೊಂಡಿದ್ದರು. ಆದರೆ ದೋಷವೆಂದು ಎಲ್ಲ ಸಲವೂ ಬರೆದಿಡಲಿಲ್ಲ.

ನಮ್ಮ ಕಾರ್ಖಾನೆಗಳಲ್ಲೂ ಇದು ದಿನವಹಿ. ಒಂದು ಕಡೆ ನಾನೇ ನೋಡಿದ್ದು: ಸಿಎನ್‌ಸಿ ಯಂತ್ರ ನಿಂತಾಗಲೆಲ್ಲ ಕಾರಣವನ್ನು ಟ್ಯಾಬ್ಲೆಟ್ಟಿನಲ್ಲಿ ಆರಿಸಬೇಕು. ಪಟ್ಟಿ ಉದ್ದ, ಕೈಗೆಲ್ಲ ಕೂಲೆಂಟ್ ಎಣ್ಣೆ. ಪಾಳಿ ಮುಗಿಯುವ ಹೊತ್ತಿಗೆ ಆಪರೇಟರ್ ಎಲ್ಲಕ್ಕೂ ಒಟ್ಟಿಗೆ 'ಇತರೆ' ಎಂದು ಒತ್ತಿ ಮನೆಗೆ ಹೊರಟ. ಅವನದು ಸೋಮಾರಿತನವಲ್ಲ. ಅವನಿಗೆ ಎಣಿಕೆ ಇರುವುದು ತಯಾರಾದ ಬಿಡಿಭಾಗಗಳ ಮೇಲೆ, ಸರಿಯಾಗಿ ತುಂಬಿದ ಮಾಹಿತಿಯ ಮೇಲಲ್ಲ.

ಈಗ ಈ ದಾಖಲೆಗಳನ್ನೇ ಕೃತಕ ಬುದ್ಧಿಮತ್ತೆಗೆ ಉಣಿಸಿ, ಯಾವ ಯಂತ್ರ ಯಾವಾಗ ಕೆಡುತ್ತದೆಂದು ಮೊದಲೇ ಹೇಳಿಸುವ ವ್ಯವಸ್ಥೆಗಳು ಬರುತ್ತಿವೆ. ಕೈಯಿಂದ ತಟ್ಟಿ ಸರಿಮಾಡಿದ ಮಾಪಕ ದಾಖಲೆಯಲ್ಲಿ ಆರೋಗ್ಯವಂತ ಮಾಪಕ. ಯಂತ್ರ ಕಲಿಯುವುದು ಆ ಸುಳ್ಳನ್ನೇ. ಮುನ್ಸೂಚನೆ ತಪ್ಪಿದಾಗ ಮತ್ತೆ ಮನುಷ್ಯನನ್ನೇ ಕರೆಯುತ್ತಾರೆ. ಸುಲಭದ ಕೆಲಸವನ್ನು ಯಂತ್ರಕ್ಕೆ ವಹಿಸಿ ಕಷ್ಟದ್ದನ್ನು ಮನುಷ್ಯನಿಗೆ ಬಿಟ್ಟರೆ, ಆ ಕಷ್ಟ ಬರುವ ಹೊತ್ತಿಗೆ ಅವನಿಗೆ ರೂಢಿಯೇ ತಪ್ಪಿರುತ್ತದೆಂದು ಮನೋವಿಜ್ಞಾನಿ ಲಿಸಾನ್ ಬೈನ್‌ಬ್ರಿಜ್ 1983ರಲ್ಲೇ ಬರೆದಿದ್ದರು.

ಹೊಸ ಸೆನ್ಸರಿಗೆ ಹಣ ಮಂಜೂರು ಮಾಡುವ ಮುನ್ನ ಕಂಟ್ರೋಲ್ ರೂಮಿಗೆ ಹೋಗಿ, ಕಳೆದ ಪಾಳಿಯ ಅಲಾರಂ ಪಟ್ಟಿ ತೆಗೆಸಿ ಎಣಿಸಿ ನೋಡಿ. ಎಂಟು ಗಂಟೆಯ ಪಾಳಿಯಲ್ಲಿ ಒಬ್ಬ ಆಪರೇಟರಿಗೆ 48 ದಾಟಿದ್ದರೆ, ಸೆನ್ಸರ್ ಕಾಯಲಿ.