ವೇದಿಕೆ ಹತ್ತಿದರೆ ಎದೆ ಏಕೆ ಬಡಿದುಕೊಳ್ಳುತ್ತದೆ?

ಕೆಜಿಎಫ್, ಬಂಗಾರಪೇಟೆಯ ನಮ್ಮ ಎಷ್ಟೋ ಮಕ್ಕಳಿಗೆ ಮನೆಯಲ್ಲಿ ಉರ್ದು, ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ. ಪ್ರತಿಭಾ ಕಾರಂಜಿಯಲ್ಲಿ ಅರಬಿ ಪಠಣವನ್ನು ಸಲೀಸಾಗಿ ಮುಗಿಸುವ ಮಗು ಕನ್ನಡ ಭಾಷಣಕ್ಕೆ ಹೆಸರು ಕರೆದೊಡನೆ ನಡುಗಿಬಿಡುತ್ತದೆ. ಬಾಯಿ ಒಣಗುತ್ತದೆ, ಅಂಗೈ ಬೆವರುತ್ತದೆ.

ಇದು ಹೇಡಿತನವಲ್ಲ. ಅಷ್ಟು ಕಣ್ಣುಗಳು ತನ್ನತ್ತ ತಿರುಗಿದಾಗ ಮೆದುಳು ಅಪಾಯವೆಂದೇ ಭಾವಿಸುತ್ತದೆ. ಮೂತ್ರಪಿಂಡದ ಮೇಲಿನ ಗ್ರಂಥಿಗಳಿಂದ ಅಡ್ರಿನಲಿನ್ ರಕ್ತಕ್ಕೆ ಸೇರುತ್ತದೆ. ದೇಹ ಓಡಲು ಸಿದ್ಧ, ಮಗು ಮಾತ್ರ ನಿಂತಲ್ಲೇ ನಿಲ್ಲಬೇಕು! ಹೆಚ್ಚಿನವರಿಗೆ ಮಾತು ಶುರುವಾದ ಮೇಲೆ ನಡುಕ ಇಳಿಯುತ್ತದೆ.

ಪಠಣಕ್ಕೆ ಭಯವಿಲ್ಲದಿರುವುದು ಏಕೆ? ಮದ್ರಸದಲ್ಲಿ ದಿನವೂ ಉಸ್ತಾದರ ಮುಂದೆ ಗಟ್ಟಿಯಾಗಿ ಓದಿದ ರೂಢಿಯಿಂದ. ಭಾಷಣಕ್ಕೂ ಆ ರೂಢಿ ಬೇಕು. ವಿಷಯವನ್ನು ಮೊದಲು ಉರ್ದುವಿನಲ್ಲಿ ಅಮ್ಮನಿಗೆ ಹೇಳಲಿ, ಆಮೇಲೆ ಕನ್ನಡದಲ್ಲಿ ತಂಗಿಗೆ, ನಂತರ ನೆರೆಮನೆಯವರಿಗೆ. ಮೊದಲ ಎರಡು ವಾಕ್ಯ ಬಾಯಿಗೆ ಬಂದರೆ ಸಾಕು. ಇಡೀ ಭಾಷಣ ಉರು ಹೊಡೆಸಿದರೆ ಒಂದು ಪದ ಜಾರಿದಾಗ ಎಲ್ಲವೂ ಜಾರುತ್ತದೆ. ಉಚ್ಚಾರ ತಪ್ಪಿದರೆ ನಗಬೇಡಿ. ಅಣಕಿಸುವ ಚಿಕ್ಕಪ್ಪಂದಿರಿಗೂ ಇದನ್ನೇ ಹೇಳಿ.

ಫಿರ್‌ಔನನ ಬಳಿಗೆ ಹೊರಟಾಗ ಪ್ರವಾದಿ ಮೂಸಾ(ಅ) ನಾಲಿಗೆಯ ಗಂಟು ಬಿಚ್ಚುವಂತೆ ಪ್ರಾರ್ಥಿಸಿದರು. ಸಹೋದರ ಹಾರೂನ್(ಅ)ರನ್ನು ಜೊತೆಗೆ ಕೇಳಿದರು. ಮಗುವಿಗೂ ಮುಂದಿನ ಸಾಲಿನಲ್ಲಿ ಮನೆಯವರ ಮುಖವೊಂದು ಕಾಣಲಿ.

ಹೆಸರು ಕರೆಯುವ ಮುನ್ನ ಉಸಿರನ್ನು ನಿಧಾನವಾಗಿ, ದೀರ್ಘವಾಗಿ ಬಿಡಲಿ. ಬೇರೆಯವರಿಗೆ ಬರೆದುಕೊಟ್ಟ ನಡುಕದ ಮಾತ್ರೆ ಕೊಡಲೇಬೇಡಿ, ಆಸ್ತಮಾ ಇರುವವರಿಗೆ ಅಪಾಯ. ಭಯದಿಂದ ಮಗು ತಿಂಗಳುಗಟ್ಟಲೆ ಶಾಲೆಯನ್ನೇ ತಪ್ಪಿಸುತ್ತಿದ್ದರೆ ವೈದ್ಯರಿಗೆ ತೋರಿಸಿ. ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೇ ಮಾತನಾಡಬಹುದು.