ಫೋನಿನ ಬ್ಯಾಟರಿಗೆ ಮುಪ್ಪು ಯಾಕೆ ಬರುತ್ತದೆ?

ಹೊಸದರಲ್ಲಿ ರಾತ್ರಿಯವರೆಗೂ ಚಾರ್ಜ್ ನಿಲ್ಲುತ್ತಿದ್ದ ಫೋನು ಎರಡು ವರ್ಷ ಕಳೆಯುವಷ್ಟರಲ್ಲಿ ಮಧ್ಯಾಹ್ನಕ್ಕೇ ಚಾರ್ಜರ್ ಹುಡುಕಿಸುತ್ತದೆ. ಒಳಗಿನ ಲಿಥಿಯಂ ಅಯಾನ್ ಬ್ಯಾಟರಿ ಸವೆದಿರುವುದೇ ಇದಕ್ಕೆ ಮುಖ್ಯ ಕಾರಣ. ಅದು ಸವೆಯುವ ಬಗೆ ತಿಳಿದರೆ ಫೋನನ್ನು ಜೋಪಾನ ಮಾಡುವ ಬಗೆಯೂ ತಿಳಿಯುತ್ತದೆ.

ಈ ಬ್ಯಾಟರಿಯಲ್ಲಿ ಒಂದು ಕಡೆ ಗ್ರಾಫೈಟ್, ಇನ್ನೊಂದು ಕಡೆ ಕೋಬಾಲ್ಟ್‌ನಂಥ ಲೋಹದ ಆಕ್ಸೈಡ್ ಇರುತ್ತದೆ. ನಡುವೆ ಕೂದಲಿಗಿಂತ ತೆಳುವಾದ ಪ್ಲಾಸ್ಟಿಕ್ ಪೊರೆ. ಎಲ್ಲವೂ ಒಂದು ದ್ರಾವಣದಲ್ಲಿ ನೆನೆದಿರುತ್ತವೆ. ಚಾರ್ಜಿಗೆ ಹಾಕಿದಾಗ ಲಿಥಿಯಂ ಅಯಾನುಗಳು ಆಕ್ಸೈಡಿನಿಂದ ಹೊರಟು, ಪೊರೆಯ ಸೂಕ್ಷ್ಮ ರಂಧ್ರಗಳನ್ನು ದಾಟಿ, ಗ್ರಾಫೈಟಿನ ಪದರಗಳೊಳಗೆ ಸೇರಿಕೊಳ್ಳುತ್ತವೆ. ಫೋನ್ ಬಳಸುವಾಗ ಅದೇ ದಾರಿಯಲ್ಲಿ ಮರಳುತ್ತವೆ. ಸೋನಿ ಕಂಪನಿ 1991ರಲ್ಲಿ ಮಾರುಕಟ್ಟೆಗೆ ತಂದ ಈ ಬ್ಯಾಟರಿಗೆ ಬುನಾದಿ ಹಾಕಿದ ಜಾನ್ ಗುಡ್‌ಇನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಮತ್ತು ಅಕಿರಾ ಯೋಶಿನೊ ಅವರಿಗೆ 2019ರ ರಸಾಯನ ವಿಜ್ಞಾನದ ನೊಬೆಲ್ ಬಂತು.

ಅಯಾನುಗಳ ಪ್ರತಿ ಓಡಾಟದಲ್ಲೂ ಒಂದಿಷ್ಟು ಲಿಥಿಯಂ ದ್ರಾವಣದೊಡನೆ ವರ್ತಿಸಿ ಗ್ರಾಫೈಟಿನ ಮೇಲೆ ಪದರಗಟ್ಟುತ್ತದೆ. ಹಾಗೆ ಸಿಕ್ಕಿಬಿದ್ದ ಲಿಥಿಯಂ ಮತ್ತೆ ಕೆಲಸಕ್ಕೆ ಬರುವುದಿಲ್ಲ. ಬಿಸಿ ಏರಿದಷ್ಟೂ ಈ ಸವೆತ ಚುರುಕಾಗುತ್ತದೆ. ಬ್ಯಾಟರಿ ಪೂರ್ತಿ ತುಂಬಿ, 4.2 ವೋಲ್ಟ್ ಅಥವಾ ಅದಕ್ಕೂ ಮೇಲೆ ಬಹಳ ಹೊತ್ತು ನಿಂತರೂ ಅಷ್ಟೇ. ಬಿಸಿ ಮತ್ತು ಪೂರ್ಣ ಚಾರ್ಜ್ ಎರಡೂ ಕೂಡಿದರಂತೂ ಹಾನಿ ಇನ್ನೂ ಹೆಚ್ಚು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರು, ಕಲಬುರಗಿಯಂಥ ಊರುಗಳಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಫೋನ್ ಬಿಟ್ಟುಹೋಗಲೇಬಾರದು. ಚಾರ್ಜಿಗೆ ಹಾಕಿಯೇ ಗೇಮ್ ಆಡುವುದು, ದಿಂಬಿನಡಿ ಇಟ್ಟು ಚಾರ್ಜ್ ಮಾಡುವುದು ಕೂಡ ಬೇಡ. ದಿನನಿತ್ಯ ಚಾರ್ಜನ್ನು ಶೇಕಡಾ 20ರಿಂದ 80ರ ನಡುವೆ ಇಟ್ಟುಕೊಂಡರೆ ಆಯಸ್ಸು ಹೆಚ್ಚುತ್ತದೆ. ಪೂರ್ತಿ ಖಾಲಿ ಮಾಡಿಯೇ ಚಾರ್ಜ್ ಮಾಡಬೇಕೆಂಬುದು ಹಳೆಯ ನಿಕಲ್ ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದ ಮಾತು. ಇಂದಿನ ಫೋನಿಗೆ ಅದರಿಂದ ಲಾಭವಿಲ್ಲ.

ಸವೆತದಿಂದ ಹೋಗುವುದು ದುಡ್ಡು. ಪೊರೆ ಹರಿದರೆ ಜೀವಕ್ಕೇ ಅಪಾಯ. ಎರಡೂ ಬದಿ ನೇರವಾಗಿ ತಗುಲಿ ಶಾರ್ಟ್ ಆಗುತ್ತದೆ, ಆ ಶಾಖ ಹೊಸ ರಾಸಾಯನಿಕ ಕ್ರಿಯೆಗಳನ್ನು ಎಬ್ಬಿಸುತ್ತದೆ, ಅವು ಇನ್ನಷ್ಟು ಶಾಖ ಹುಟ್ಟಿಸುತ್ತವೆ. ದ್ರಾವಣವೋ ಸುಲಭವಾಗಿ ಹೊತ್ತಿಕೊಳ್ಳುವಂಥದ್ದು. ಸ್ಯಾಮ್‌ಸಂಗ್ ಕಂಪನಿ 2016ರಲ್ಲಿ ಗ್ಯಾಲಕ್ಸಿ ನೋಟ್ 7 ಫೋನುಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆದದ್ದು ಬ್ಯಾಟರಿಯೊಳಗಿನ ಇಂಥದೇ ದೋಷಗಳಿಂದ. ದೊಡ್ಡ ಕಂಪನಿಯ ಬ್ಯಾಟರಿಗೇ ಹೀಗಾಗಬಹುದಾದರೆ ಅಗ್ಗದ ಡುಪ್ಲಿಕೇಟ್‌ಗಳನ್ನು ನಂಬುವುದು ಹೇಗೆ? ಅಂಥ ಬ್ಯಾಟರಿ, ಚಾರ್ಜರ್ ಕೊಳ್ಳಬೇಡಿ.

ಫೋನಿನ ಹಿಂಬದಿ ಉಬ್ಬಿದ್ದರೆ ಅಥವಾ ಸ್ಕ್ರೀನ್ ಎದ್ದು ಬಂದಿದ್ದರೆ ಬ್ಯಾಟರಿಯೊಳಗೆ ಅನಿಲ ತುಂಬಿದೆ ಎಂದರ್ಥ. ಮತ್ತೆ ಚಾರ್ಜ್ ಮಾಡಬೇಡಿ, ಒತ್ತಬೇಡಿ, ಚುಚ್ಚಬೇಡಿ. ಸರ್ವಿಸ್ ಸೆಂಟರ್‌ಗೆ ಅಥವಾ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ. ಮನೆಯ ಕಸದೊಂದಿಗೆ ಸೇರಿಸಿದರೆ ಕಸದ ಗಾಡಿಯಲ್ಲಿ ಜಜ್ಜಿಹೋಗಿ ಬೆಂಕಿ ಹತ್ತಬಹುದು. ಆಗ ಕೈ ಸುಟ್ಟುಕೊಳ್ಳುವವರು ನಮ್ಮ ಬೀದಿಯ ಪೌರಕಾರ್ಮಿಕರು.