ಬಂದರಿನಿಂದ ಕುದ್ರೋಳಿಗೆ, ಹುಲಿಗಳ ಬೆನ್ನಿಗೆ

ದಸರಾ ನೋಡಲು ಮಂಗಳೂರಿಗೆ ಬರುವವರಿಗೆ ಎಲ್ಲರೂ ಹೇಳುವುದು ಕುದ್ರೋಳಿ ಗೋಕರ್ಣನಾಥ ಕ್ಷೇತ್ರದ ಹೆಸರನ್ನು. ನಾನು ಹೇಳುವುದಿಷ್ಟು: ವಿಜಯದಶಮಿಯ ಮೆರವಣಿಗೆಯ ದಿನಕ್ಕೆ ಕಾಯಬೇಡಿ, ನವರಾತ್ರಿಯ ಕೊನೆಯ ದಿನಗಳಲ್ಲೇ ಬನ್ನಿ, ಮೊದಲು ಬಂದರಿಗೆ ಹೋಗಿ. ಹಳೆ ಬಂದರಿನ ಸಗಟು ಬೀದಿಗಳಲ್ಲಿ ಅಕ್ಕಿ ಮೂಟೆ ಇಳಿಯುತ್ತಿರುತ್ತದೆ, ಒಣಮೆಣಸಿನ ಘಾಟು ಮೂಗಿಗೆ ಅಡರುತ್ತದೆ, ಅತ್ತ ದಕ್ಕೆಯಲ್ಲಿ ಮೀನಿನ ಏಲಂ ಕೂಗು. ಈ ಗದ್ದಲವನ್ನೆಲ್ಲ ಸೀಳಿಕೊಂಡು ತಾಸೆ ವಾದ್ಯದ ಪೆಟ್ಟು ಕೇಳುತ್ತದೆ. ಹೊರೆ ಹೊತ್ತವನೂ ಅರೆಕ್ಷಣ ನಿಲ್ಲುತ್ತಾನೆ. ಪಿಲಿ ಬಂತು!

ತುಳುವರ ಪಿಲಿವೇಷಕ್ಕೆ, ಅಂದರೆ ಹುಲಿವೇಷದ ಕುಣಿತಕ್ಕೆ, ವೇದಿಕೆ ಬೇಕಾಗಿಲ್ಲ. ಅಂಗಡಿಯ ಮುಂದಿನ ನಾಲ್ಕು ಮಾರು ಜಾಗವೇ ಸಾಕು. ತಂಡ ಅಂಗಡಿಯಿಂದ ಅಂಗಡಿಗೆ, ಮನೆಯಿಂದ ಮನೆಗೆ ನಡೆಯುತ್ತದೆ. ಪಟ್ಟೆ ಪಿಲಿ, ಚಿಟ್ಟೆ ಪಿಲಿ, ಕಪ್ಪು ಪಿಲಿ, ಜೊತೆಗೆ ದೊಡ್ಡವರ ಕಾಲ ನಡುವೆ ಹೆಜ್ಜೆ ಕಲಿಯುತ್ತಿರುವ ಮರಿ ಹುಲಿ. ನೆಲದ ಮೇಲಿಟ್ಟ ನೋಟನ್ನು ಬೆನ್ನು ಹಿಂದಕ್ಕೆ ಬಾಗಿಸಿ ಬಾಯಲ್ಲೇ ಎತ್ತುತ್ತಾರೆ. ಪಳಗಿದ ಹುಲಿಗೆ ಅಕ್ಕಿ ಮುಡಿಯ ಪರೀಕ್ಷೆ. ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ, ಹಳೆಯ ಲೆಕ್ಕದಲ್ಲಿ 42 ಸೇರಿನ, ಸುಮಾರು 40 ಕಿಲೋ ತೂಗುವ ಮುಡಿಯನ್ನು ಹಲ್ಲಿನಲ್ಲಿ ಕಚ್ಚಿ ಎತ್ತಿ, ತಲೆಯ ಮೇಲಿಂದ ಹಿಂದಕ್ಕೆ ಹಾರಿಸಬೇಕು. ಅಕ್ಕಿಯ ವ್ಯಾಪಾರದಲ್ಲಿ ಬದುಕಿದ ಬಂದರಿನಲ್ಲಿ ಇದನ್ನು ನೋಡುವಾಗ, ಇಲ್ಲಿನ ದುಡಿಮೆಯೇ ಆಟವಾಗಿದೆ ಅನ್ನಿಸುತ್ತದೆ.

ಆದರೆ ಕುಣಿತಕ್ಕಿಂತ ಕಠಿಣವಾದದ್ದು ಬಣ್ಣ. ಹಿಂದಿನ ರಾತ್ರಿ ಊದು ಪೂಜೆ ನಡೆಯುತ್ತದೆ. ದೇವರ ಮುಂದಿಟ್ಟ ಹುಲಿಯ ಮಂಡೆಗೆ, ಅಂದರೆ ತಲೆಗೆ ಧರಿಸುವ ಮುಖವಾಡಕ್ಕೆ, ಲೋಬಾನದ ಹೊಗೆ ಹಾಕಿ, ತಾಸೆ ಬಡಿದು, ಮೊದಲ ಹೆಜ್ಜೆ ಹಾಕುತ್ತಾರೆ. ಆಮೇಲೆ ಮೈಯ ಕೂದಲು ಬೋಳಿಸಿ ಬಣ್ಣಕ್ಕೆ ನಿಲ್ಲುವುದು. ಹಳದಿಯ ಮೇಲೆ ಬಿಳಿ, ಕಪ್ಪು ಪಟ್ಟೆ. ಕೆಲವರಿಗೆ ಅದರ ಮೇಲೆ ಕುರಿಯ ರೋಮ. ಒಂದು ಪದರ ಒಣಗದೆ ಇನ್ನೊಂದು ಹಚ್ಚುವಂತಿಲ್ಲ. ಅಲ್ಲಿಯವರೆಗೆ ಎರಡೂ ಕೈಗಳನ್ನು ಅಗಲಿಸಿ ಕೋಲಿನ ಆಸರೆಯಲ್ಲಿ ಗಂಟೆಗಟ್ಟಲೆ ನಿಲ್ಲಬೇಕು, ಕೂರುವಂತಿಲ್ಲ, ಒರಗುವಂತಿಲ್ಲ. ಎನಾಮೆಲ್ ಬಣ್ಣದಡಿ ಚರ್ಮ ಉರಿಯುತ್ತದೆ. ಹಬ್ಬ ಮುಗಿದ ಮೇಲೆ ಸೀಮೆಎಣ್ಣೆ ಹಾಕಿ ಉಜ್ಜಿ ತೆಗೆಯುವಾಗ ಮತ್ತೊಮ್ಮೆ ಉರಿ. ಹುಲಿ ದೇವಿಯ ವಾಹನ. ಹರಕೆ ಹೊತ್ತವನಿಗೆ ಈ ಉರಿಯೂ ಸೇವೆಯೇ. ‘ಉಳಿದವರು ಕಂಡಂತೆ’, ‘ಗರುಡ ಗಮನ ವೃಷಭ ವಾಹನ’ ಚಿತ್ರಗಳಲ್ಲಿ ಹುಲಿಯನ್ನು ಕಂಡು ಬೆರಗಾದವರು, ಬಣ್ಣ ಹಾಕುವ ಜಾಗದಲ್ಲಿ ಅರ್ಧ ಗಂಟೆಯಾದರೂ ನಿಲ್ಲಬೇಕೆಂಬುದು ನನ್ನ ಆಸೆ.

ಕುದ್ರೋಳಿಯ ಕಥೆಯೂ ಬಂದರಿನ ಮಗ್ಗುಲಿನಿಂದಲೇ ಹೊರಡುತ್ತದೆ. ದೇವಸ್ಥಾನಗಳ ಬಾಗಿಲು ಬಿಲ್ಲವ ಸಮುದಾಯಕ್ಕೆ ಮುಚ್ಚಿದ್ದ ಕಾಲ. ಹೊಯ್ಗೆಬಜಾರಿನ ಸಾಹುಕಾರ ಕೊರಗಪ್ಪನವರ ಮುಂದಾಳತನದಲ್ಲಿ ಸಮುದಾಯದವರು ಕೇರಳದ ನಾರಾಯಣ ಗುರುಗಳನ್ನು ಕರೆತಂದರು. ಗುರುಗಳು 1912ರಲ್ಲಿ ಇಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದರು. ರಾಜಕಾರಣಿ ಜನಾರ್ದನ ಪೂಜಾರಿಯವರ ನೇತೃತ್ವದಲ್ಲಿ ನವೀಕರಣಗೊಂಡ ದೇವಸ್ಥಾನವನ್ನು 1991ರಲ್ಲಿ ರಾಜೀವ್ ಗಾಂಧಿ ಉದ್ಘಾಟಿಸಿದರು. 2013ರಲ್ಲಿ ಇಬ್ಬರು ವಿಧವೆಯರನ್ನು ಅರ್ಚಕರನ್ನಾಗಿ ನೇಮಿಸಿದ್ದೂ ಇದೇ ಕ್ಷೇತ್ರ. ಒಳಗೆ ಬರಬೇಡಿ ಎಂದು ಹೇಳಿಸಿಕೊಂಡವರು ಕಟ್ಟಿದ ಗುಡಿ, ಇಂದು ಇಡೀ ಊರನ್ನೇ ಬೀದಿಗೆ ಕರೆಯುತ್ತದೆ. ದೀಪಾಲಂಕಾರಕ್ಕಿಂತ ನನಗೆ ಹೆಚ್ಚು ಬೆಳಕಾಗಿ ಕಾಣುವುದು ಈ ಇತಿಹಾಸ.

ವಿಜಯದಶಮಿಯ ಸಂಜೆ ಗಣಪತಿ, ಶಾರದೆ, ನವದುರ್ಗೆಯರ ಮೂರ್ತಿಗಳು ಕುದ್ರೋಳಿಯಿಂದ ಹೊರಡುತ್ತವೆ. ಮಣ್ಣಗುಡ್ಡೆ, ಲೇಡಿಹಿಲ್, ಲಾಲ್‌ಬಾಗ್, ಕೆ.ಎಸ್. ರಾವ್ ರಸ್ತೆ, ಹಂಪನಕಟ್ಟೆ, ರಥಬೀದಿ, ಅಳಕೆ ದಾಟಿ ದೇವಸ್ಥಾನಕ್ಕೆ ಮರಳಿ, ಅಲ್ಲಿನ ಪುಷ್ಕರಿಣಿಯಲ್ಲಿ ವಿಸರ್ಜನೆಯಾಗುವಷ್ಟರಲ್ಲಿ ಬೆಳಗಾಗಿರುತ್ತದೆ. ಒಂದೇ ಕಡೆ ಕುರ್ಚಿ ಹಿಡಿದು ಕೂತರೆ ಸ್ತಬ್ಧಚಿತ್ರಗಳು ಕಣ್ಣೆದುರು ಸಾಗಿಹೋಗುತ್ತವೆ, ಅಷ್ಟೆ. ಒಂದು ತಂಡವನ್ನು ಆರಿಸಿಕೊಂಡು ಅದರ ಬೆನ್ನಿಗೇ ನಡೆಯಿರಿ. ಬೆಳಿಗ್ಗೆ ಬಂದರಿನಲ್ಲಿ ಕಂಡ ಹುಲಿ ನಡುರಾತ್ರಿ ಹಂಪನಕಟ್ಟೆಯಲ್ಲಿ ಕಾಲು ಸೋತಂತೆ ಕಾಣುತ್ತದೆ. ತಾಸೆಯವನು ಪೆಟ್ಟು ಬದಲಿಸಿದ್ದೇ ತಡ, ಮತ್ತೆ ಎಗರುತ್ತದೆ. ನೀರು ಕೊಡುವವರು, ಮೈಗೆ ಗಾಳಿ ಬೀಸುವವರು, ಮರಿ ಹುಲಿಯನ್ನು ಹೆಗಲಿಗೇರಿಸಿಕೊಳ್ಳುವ ಅಪ್ಪಂದಿರು, ಇವರೆಲ್ಲ ಕಾಣಸಿಗುವುದು ನಡೆಯುವವರಿಗೆ ಮಾತ್ರ.

ಹಳೆಯ ಬಟ್ಟೆ ಹಾಕಿಕೊಳ್ಳಿ, ಹುಲಿಯ ಬಣ್ಣ ತಾಗೀತು. ಫೋಟೋ ತೆಗೆಯುವ ಭರದಲ್ಲಿ ಕುಣಿಯುವವರ ಹಾದಿಗೆ ಅಡ್ಡ ನಿಲ್ಲಬೇಡಿ. ಬಿಡುವಿದ್ದರೆ ರಥಬೀದಿಯ ಆಚಾರ್ಯ ಮಠದ ಶಾರದಾ ಮಹೋತ್ಸವವನ್ನೂ ನೋಡಿ. 1922ರಲ್ಲಿ ಶುರುವಾದ ಆ ಉತ್ಸವದ ಮೆರವಣಿಗೆ ಬೇರೆಯೇ, ಶಾರದೆಯನ್ನು ಬೀಳ್ಕೊಡುವುದು ಮಹಾಮಾಯಿ ತೀರ್ಥದಲ್ಲಿ. ಅಲ್ಲಿಂದ ಬಂದರಿಗೆ ನಡೆದೇ ಹೋಗಬಹುದು.